ಕಣ್ಣಿಗೆ ಕಾಣದ ಕೆಂಪು

ಮಾಗಿಯ ರಾತ್ರಿ ಊಟ ಮುಗಿಸಿ ತಾರಸಿಗೆ ಹೋದರೆ ಪೂರ್ವದಲ್ಲಿ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ಒಡನೆ ಕಣ್ಣಿಗೆ ಬೀಳುತ್ತವೆ. ಆ ಪಟ್ಟಿಗೆ ತೂಗುಹಾಕಿದ ಕತ್ತಿಯಲ್ಲಿ ಮಸುಕಾದ ಒಂದು ಚುಕ್ಕೆಯುಂಟು. ಅದೇ ಓರಿಯನ್ ನೀಹಾರಿಕೆ. ನನ್ನ ಬಾಲ್ಯದಲ್ಲಿ ಅದು ಹುಡುಗರಿಗೂ ಕಾಣುತ್ತಿತ್ತು. ಈಗ ಬೀದಿದೀಪಗಳ ನಡುವೆ, ಅದು ಅಲ್ಲಿದೆಯೆಂದು ಬಲ್ಲವನಿಗೆ ಮಾತ್ರ ಕಂಡಂತಾಗುತ್ತದೆ.

ಕಳೆದ ಮಾಗಿಯಲ್ಲಿ ನನ್ನ ತಂಗಿಯ ಮಗ ಬೆಂಗಳೂರಿನ ತನ್ನ ಮನೆಯ ತಾರಸಿಯಿಂದ ತೆಗೆದ ಒಂದು ಚಿತ್ರವನ್ನು ತಂದು ತೋರಿಸಿದ. ರೋಸೆಟ್ ಎಂಬ ನೀಹಾರಿಕೆ. ಹೊನ್ನಿನ ಎಸಳುಗಳ ನಡುವೆ ನೀಲಿಯ ಕುಹರ. ಅವನ ದೂರದರ್ಶಕದ ಗಾಜು ಮೂರು ಅಂಗುಲವೂ ಇಲ್ಲ. ನಾನು ಮೆಚ್ಚಿಕೊಳ್ಳುವುದಕ್ಕೆ ಮೊದಲು ಆಕ್ಷೇಪಿಸಿದೆ: “ಬಣ್ಣ ಹಚ್ಚಿದ್ದೀಯಲ್ಲಪ್ಪ!” ಅವನು ನಕ್ಕು, “ಹಚ್ಚಿದ್ದಲ್ಲ ಮಾವ, ಹಂಚಿದ್ದು” ಎಂದ. ಆ ಒಂದು ಅಕ್ಷರದ ವ್ಯತ್ಯಾಸ ನನ್ನನ್ನು ಕೆಲವು ತಿಂಗಳು ಹಳೆಯ ಪುಸ್ತಕಗಳ ನಡುವೆ ಕೂರಿಸಿತು. ಅಲ್ಲಿ ಕಂಡದ್ದನ್ನೇ ಈಗ ನಿಮಗೆ ಹೇಳುತ್ತೇನೆ.

ಲಂಡನ್ನಿನ ವಿಲಿಯಂ ಹಗಿನ್ಸ್ ಮೊದಲು ರೇಷ್ಮೆ ಬಟ್ಟೆಯ ವ್ಯಾಪಾರಿ. ಅಂಗಡಿಯನ್ನು ಬಿಟ್ಟು, ಟಲ್ಸ್ ಹಿಲ್ಲಿನ ತನ್ನ ಮನೆಯಲ್ಲಿಯೇ ವೀಕ್ಷಣಾಲಯವನ್ನು ಕಟ್ಟಿಕೊಂಡ ಹವ್ಯಾಸಿ. 1864ರ ಆಗಸ್ಟ್ 29ರ ರಾತ್ರಿ ಅವನು ಡ್ರೇಕೋ ರಾಶಿಯ ಒಂದು ನೀಹಾರಿಕೆಯ ಬೆಳಕನ್ನು ಅಶ್ರಗದ ಮೂಲಕ ನೋಡಿದ. ಕಾಮನಬಿಲ್ಲಿನ ಪಟ್ಟಿ ಹರಡಿಕೊಳ್ಳಬೇಕಾಗಿದ್ದ ಕಡೆ ಒಂದೇ ಒಂದು ಹಸುರು ಗೆರೆ! ಉಪಕರಣ ಕೆಟ್ಟಿರಬೇಕೆಂದು ಅವನಿಗೆ ಮೊದಲು ಅನುಮಾನ ಬಂದಿತು. ಮತ್ತೆ ನೋಡಿದಾಗ ಬೇರೆ ಗೆರೆಗಳೂ ಕಂಡವು, ಅನುಮಾನ ಹರಿಯಿತು. ಇದು ನಕ್ಷತ್ರಗಳ ಗುಂಪಲ್ಲ, ಹೊಳೆಯುವ ಅನಿಲ. ನೀಹಾರಿಕೆಯ ಬೆಳಕು ಕೆಲವೇ ಗೆರೆಗಳಲ್ಲಿ ಮಡಗಿದೆಯೆಂಬ ಈ ಸಂಗತಿಯೇ ನಮ್ಮ ಹುಡುಗನ ಚಿತ್ರಕ್ಕೆ ಮೂಲ.

ಛಾಯಾಚಿತ್ರ ಬಂದದ್ದು ಅನಂತರ. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ 51 ನಿಮಿಷ ಫಲಕವನ್ನು ತೆರೆದಿಟ್ಟು ಓರಿಯನ್ ನೀಹಾರಿಕೆಯನ್ನು ಹಿಡಿದ. ಇಂಗ್ಲೆಂಡಿನ ಆಂಡ್ರೂ ಕಾಮನ್ 1883ರಲ್ಲಿ ತೆಗೆದ ಚಿತ್ರದಲ್ಲಿ, ಅದೇ ದೂರದರ್ಶಕದಲ್ಲಿ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಮೂಡಿದ್ದವು. ಆ ಕಾಲದ ಫಲಕಗಳಿಗೆ ಕೆಂಪು ಬಣ್ಣವೆಂದರೆ ಕುರುಡು. ಅವು ನೀಲಿ, ನೇರಿಳೆಗಳನ್ನು ಮಾತ್ರ ಬಲ್ಲವು. ಅಂದರೆ ನೀಹಾರಿಕೆಯ ಮೊಟ್ಟಮೊದಲ ಚಿತ್ರವೂ ನಮ್ಮ ಕಣ್ಣು ಕಂಡದ್ದರ ಪ್ರತಿಯಾಗಿರಲಿಲ್ಲ. ನನ್ನ ಆಕ್ಷೇಪಣೆಯ ಬುಡ ಅಲುಗಿದ್ದು ಇಲ್ಲಿಯೇ.

ಇವರೆಲ್ಲ ಅನುಕೂಲಸ್ಥರು. ನನ್ನ ಮನಸ್ಸನ್ನು ಹಿಡಿದವನು ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್. ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ 1857ರಲ್ಲಿ, ತಂದೆ ತೀರಿಕೊಂಡ ಮೇಲೆ ಹುಟ್ಟಿದ ಕೂಸು. ಒಂಬತ್ತರ ವಯಸ್ಸಿಗೆ ಛಾಯಾಚಿತ್ರದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ವಿದ್ಯುದ್ದೀಪವಿಲ್ಲದ ಕಾಲ, ಚಿತ್ರಗಳನ್ನು ಹಿಗ್ಗಿಸಲು ಸೂರ್ಯನ ಬೆಳಕೇ ಬೇಕು. ಮಾಡಿನ ಮೇಲಿದ್ದ ದೊಡ್ಡ ಕ್ಯಾಮರಾವನ್ನು ಸೂರ್ಯ ಸರಿದಂತೆ ಸರಿಸುತ್ತ ಕೂರುವುದು ಈ ಹುಡುಗನ ಪಾಲಿನ ಕೆಲಸ. ಆಕಾಶ ತಿರುಗುತ್ತದೆಂಬುದನ್ನು ಹೊಟ್ಟೆಪಾಡಿಗಾಗಿ ಕಲಿತವನು ಅವನು.

ಮುಂದೆ ಲಿಕ್ ವೀಕ್ಷಣಾಲಯವನ್ನು ಸೇರಿದ. ಅಲ್ಲಿ 36 ಅಂಗುಲದ ಮಹಾ ದೂರದರ್ಶಕವಿತ್ತು. ಆದರೆ 1894ರ ಅಕ್ಟೋಬರಿನಲ್ಲಿ ಅವನು ಕೈಗೆತ್ತಿಕೊಂಡದ್ದು ಅಗ್ಗದ ಮಾಯಾದೀಪವೊಂದರ ಒಂದೂವರೆ ಅಂಗುಲದ ಗಾಜನ್ನು. ಅದರಿಂದ ತೆಗೆದ ಫಲಕದಲ್ಲಿ ಮಹಾವ್ಯಾಧನನ್ನು ಬಳಸಿನಿಂತ ಒಂದು ದೊಡ್ಡ ಕಮಾನು ಮೂಡಿತು. ಹುಣ್ಣಿಮೆಯ ಚಂದ್ರರನ್ನು ಇಪ್ಪತ್ತರಷ್ಟು ಸಾಲಾಗಿಟ್ಟರೂ ಅದರ ಹರಹು ಮುಗಿಯುವುದು ಕಷ್ಟ. ಐದು ವರ್ಷ ಮೊದಲೇ ವಿಲಿಯಂ ಪಿಕರಿಂಗ್ ಅದನ್ನು ಚಿತ್ರಿಸಿದ್ದನಾದರೂ ಹೆಸರು ಬಾರ್ನಾರ್ಡನಿಗೆ ಉಳಿಯಿತು. ಅಷ್ಟು ದೊಡ್ಡದನ್ನು ದೊಡ್ಡ ದೂರದರ್ಶಕ ಒಮ್ಮೆಗೇ ಕಾಣಲಾರದು. ಅದರ ಕಣ್ಣಿಗೆ ಬೀಳುವುದು ಆಕಾಶದ ಒಂದು ಚೂರು.

ಇನ್ನು ಆ ಹಸುರು ಗೆರೆ. ಭೂಮಿಯಲ್ಲಿ ಅದನ್ನು ಕೊಡುವ ವಸ್ತು ಸಿಗದ್ದರಿಂದ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಕಲ್ಪಿಸಿದ್ದರು. 1927ರಲ್ಲಿ ಐರಾ ಬೋವೆನ್ ಆ ಗುಟ್ಟನ್ನು ಒಡೆದ. ಅದು ನಾವು ಉಸಿರಾಡುವ ಆಮ್ಲಜನಕವೇ. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು, ಬಹು ವಿರಳವಾದ ಅನಿಲದಲ್ಲಿ ಮಾತ್ರ ಈ ಬೆಳಕನ್ನು ಬೀರುತ್ತದೆ. ಅದರ ಅಲೆಯುದ್ದ 500.7 ನ್ಯಾನೋಮೀಟರ್. ಜಲಜನಕದ ಕಡುಗೆಂಪು 656.3. ಗಂಧಕದ್ದು ಅದಕ್ಕೂ ತುಸು ಆಚೆ, 672ರ ಆಸುಪಾಸು.

ನಮ್ಮ ಹುಡುಗ ಮಾಡುವುದಿಷ್ಟೆ. ಈ ಗೆರೆಗಳ ಅಕ್ಕಪಕ್ಕದ ಮೂರರಿಂದ ಏಳು ನ್ಯಾನೋಮೀಟರುಗಳಷ್ಟನ್ನು ಮಾತ್ರ ಒಳಬಿಡುವ ಶೋಧಕವನ್ನು ಕ್ಯಾಮರಾದ ಮುಂದಿಡುತ್ತಾನೆ. ಬೀದಿದೀಪದ ಬೆಳಕು, ಬೆಳುದಿಂಗಳು ಬಹುಪಾಲು ಹೊರಗೇ ಉಳಿಯುತ್ತವೆ. ಒಳಗೆ ಬರುವ ಬೆಳಕು ಅತ್ಯಲ್ಪವಾದ್ದರಿಂದ ಐದೈದು ನಿಮಿಷದ ಚಿತ್ರಗಳನ್ನು ರಾತ್ರಿ ರಾತ್ರಿ ಕೂಡಿಹಾಕಬೇಕು. ರೋಸೆಟ್ಟಿಗೆ ಐದು ರಾತ್ರಿ ಹಿಡಿಯಿತಂತೆ.

ಹಂಚುವ ಮಾತು ಬರುವುದು ಆಮೇಲೆ. ಜಲಜನಕ, ಗಂಧಕ ಎರಡರದ್ದೂ ಕೆಂಪೇ; ಕಣ್ಣಿಗೆ ಭೇದ ತಿಳಿಯದು. ಆದ್ದರಿಂದ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸುರು, ಆಮ್ಲಜನಕಕ್ಕೆ ನೀಲಿ ಎಂದು ಅಲೆಯುದ್ದದ ಕ್ರಮದಲ್ಲಿಯೇ ಕೊಡುತ್ತಾರೆ. ಹಬಲ್ ದೂರದರ್ಶಕ 1995ರಲ್ಲಿ ತೆಗೆದ ‘ಸೃಷ್ಟಿಸ್ತಂಭ’ಗಳ ಚಿತ್ರದಿಂದ ಈ ಪದ್ಧತಿ ಮನೆಮಾತಾಯಿತು. ಯಾವ ಅನಿಲ ಎಲ್ಲಿದೆಯೆಂದು ಹೇಳುವ ನಕ್ಷೆಯಿದು ಎಂದರೆ ನಾನು ಒಪ್ಪುತ್ತೇನೆ. ಆದರೆ ಅದನ್ನು ಚಿತ್ರದ ಕೆಳಗೆ ಒಂದು ಸಾಲು ಬರೆಯದೆ ಗೋಡೆಗೆ ತೂಗುಹಾಕುವುದು ಸರಿಯಲ್ಲವೆಂಬ ನನ್ನ ಹಟ ಇನ್ನೂ ಬಿಟ್ಟಿಲ್ಲ. ಹುಡುಗ ಈಗ ಬರೆಯುತ್ತಾನೆ.

ಇದು ಬರಿಯ ಅಲಂಕಾರದ ಹವ್ಯಾಸವೂ ಅಲ್ಲ. 2022ರಲ್ಲಿ ಡ್ರೆಕ್ಸ್‌ಲರ್, ಸ್ಟ್ರಾಟ್ನರ್, ಸೈಂಟಿ ಎಂಬ ಮೂವರು ಹವ್ಯಾಸಿಗಳಿಗೆ, ನಾಲ್ಕು ಅಂಗುಲಕ್ಕಿಂತ ತುಸು ದೊಡ್ಡ ದೂರದರ್ಶಕದಿಂದ ನೂರಕ್ಕೂ ಹೆಚ್ಚು ಗಂಟೆ ಬೆಳಕು ಕೂಡಿಸಿದಾಗ, ಆಂಡ್ರೊಮೀಡಾ ಗೆಲಕ್ಸಿಯ ಪಕ್ಕದಲ್ಲಿ ಆಮ್ಲಜನಕದ ಒಂದು ನೀಳ ಕಮಾನು ಸಿಕ್ಕಿತು. ಲೋಕದಲ್ಲಿ ಅತಿ ಹೆಚ್ಚು ಚಿತ್ರಿಸಲ್ಪಟ್ಟ ಗೆಲಕ್ಸಿಗಳಲ್ಲಿ ಅದೊಂದು! ಅಷ್ಟು ಕಾಲ ಯಾರ ಕಣ್ಣಿಗೂ ಬೀಳದೆ ಅದು ಅಲ್ಲಿಯೇ ಇತ್ತು.

ಈ ವರ್ಷ ಬಾರ್ನಾರ್ಡನ ಕಮಾನನ್ನು ಹಿಡಿಯೋಣವೆಂದು ನಾನೇ ಹುಡುಗನಿಗೆ ಹೇಳಿದೆ. ಅವನ ದೂರದರ್ಶಕಕ್ಕೂ ಅದು ಹಿಡಿಸುವುದಿಲ್ಲ. ಕೊನೆಗೆ ನನ್ನ ಬೀರುವಿನಲ್ಲಿ ವರ್ಷಗಟ್ಟಲೆ ಬೂಷ್ಟು ಹಿಡಿದು ಬಿದ್ದಿದ್ದ ಹಳೆಯ ಕ್ಯಾಮರಾದ ಗಾಜನ್ನು ಒರೆಸಿ, ಹಿಂದೆ ಶೋಧಕವನ್ನಿಟ್ಟು ಹೊಂದಿಸಿಕೊಂಡಿದ್ದಾನೆ. ಮೂರು ರಾತ್ರಿಯಿಂದ ಮೋಡ ಕವಿದಿದೆ.