ನಿವೃತ್ತಿಯ ಫಲ

1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿ ವೃತ್ತಿಯನ್ನಾರಂಭಿಸಿ, ನಡುವೆ ಕೆಲವು ವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು, ಪ್ರಾಧ್ಯಾಪಕರೂ ಪ್ರಾಂಶುಪಾಲರೂ, ಕಡೆಗೆ 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದ ಕುವೆಂಪು ಅವರು, 1960ರಲ್ಲಿ ನಿವೃತ್ತರಾಗಿ ಒಂಟಿಕೊಪ್ಪಲಿನ ‘ಉದಯರವಿ’ಯ ಏಕಾಂತವನ್ನು ಸೇರಿದರೆಂದು ಹೇಳುವುದು ವಾಡಿಕೆ, ಆದರೆ ಅವರ ಮನಸ್ಸು ಹಿಂದಿರುಗಿದುದು ತಾವು ಬೆಳೆದ ಕುಪ್ಪಳಿಯ ಕಾಡುಗಳಿಗೆ.

ಅಧಿಕಾರಾವಧಿಯ ಸ್ಮಾರಕವಾಗಿ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಿದೆ; ಆ ಹೆಸರನ್ನಿತ್ತವರೂ ಅವರೇ. ವಿಶ್ರಾಂತ ಜೀವನದ ಫಲವಾದರೋ 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ. ‘ಕಾನೂರು ಹೆಗ್ಗಡಿತಿ’ ಹೊರಬಂದ 1936ರಿಂದ ಮೂರು ದಶಕಗಳು ಕಳೆದಿದ್ದುವು. ಈ ನಡುವೆ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ರಚಿಸಿದ್ದ ಲೇಖನಿಯು ಹತ್ತೊಂಬತ್ತನೆಯ ಶತಮಾನದ ಅಂತ್ಯದ ಮಲೆನಾಡನ್ನು, ಅದರ ಒಡೆಯರನ್ನೂ ಜೀತದಾಳುಗಳನ್ನೂ, ಮತಾಂತರದ ತಲ್ಲಣವನ್ನೂ ಕಾಡುಹಾದಿಯ ಪ್ರಣಯಗಳನ್ನೂ, ಯಾರನ್ನೂ ನಾಯಕನೆಂದು ಪ್ರತಿಷ್ಠಾಪಿಸದೆ ಚಿತ್ರಿಸಿತು. ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಅಲ್ಲಿ ದೊರೆತಿರುವ ಗೌರವವು ಮನೆತನಸ್ಥರಾದ ಹೆಗ್ಗಡೆಗಳಿಗೆ ದೊರೆತುದಕ್ಕಿಂತ ಕಡಿಮೆಯದಲ್ಲ. ತರಗತಿಯ ವೇದಿಕೆಯಿಂದಿಳಿದ ಪ್ರಾಧ್ಯಾಪಕನ ಕಥನದಲ್ಲಿ ಉಪದೇಶವು ಇಷ್ಟು ವಿರಳವಾಗಿರುವುದು ಆಶ್ಚರ್ಯವೇ ಸರಿ.

ಅದೇ 1967ರ ಜ್ಞಾನಪೀಠ ಪ್ರಶಸ್ತಿಯು, ಗುಜರಾತಿಯ ಉಮಾಶಂಕರ ಜೋಶಿಯವರೊಡನೆ ಹಂಚಿಕೆಯಾಗಿ, ‘ಶ್ರೀ ರಾಮಾಯಣ ದರ್ಶನಂ’ಗಾಗಿ ಅವರನ್ನು ಅರಸಿಬಂದಿತು. ಕನ್ನಡಕ್ಕೆ ಆ ಗೌರವವು ಸಂದದ್ದು ಅದೇ ಮೊದಲು. ತಮ್ಮ ಬಾಳಿನ ಕಥೆಯನ್ನು ಅವರು ‘ನೆನಪಿನ ದೋಣಿಯಲ್ಲಿ’ ಬರೆದರು. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ನಿಧನರಾದ ಅವರ ಅಂತ್ಯಕ್ರಿಯೆಯು ಕುಪ್ಪಳಿಯ ಕವಿಶೈಲದಲ್ಲಿ ನಡೆಯಿತು. ಪ್ರಶಸ್ತಿಯ ಕೀರ್ತಿ ಮಹಾಕಾವ್ಯಕ್ಕೆ ಸಂದಿತಾದರೂ, ನಿವೃತ್ತ ಪ್ರಾಧ್ಯಾಪಕರ ಕೃತಿಗಳಲ್ಲಿ ಅಗ್ರಸ್ಥಾನವು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೇ ಸಲ್ಲತಕ್ಕದ್ದು.