ನಾಯಿಯ ಕಣ್ಣಿನ ಹುಳು: ಪತ್ತೆಯಾದ ಬಗೆ



ಮನೆ ಕಾಯುವ ನಾಯಿಯ ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ನಾವು ಅಷ್ಟಾಗಿ ಲಕ್ಷ್ಯ ಕೊಡುವುದಿಲ್ಲ. "ಧೂಳು ಬಿದ್ದಿರಬೇಕು, ತಾನಾಗೇ ಹೋಗುತ್ತೆ ಬಿಡು" ಅಂತೀವಿ. ಧೂಳಿನಿಂದಲೂ ನೀರು ಬರುವುದುಂಟು, ಬೆಕ್ಕು ಪರಚಿದರೂ ಬರುವುದುಂಟು. ಮರಿನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ಕೆಟ್ಟ ಜ್ವರದಲ್ಲಿಯೂ ಕಣ್ಣಿಗೆ ಗೀಜು ಕಟ್ಟುತ್ತದೆ. ಆದರೆ ಈ ದಿನ ಹೇಳಹೊರಟಿರುವುದು ಇನ್ನೊಂದು ಕಾರಣದ ಮಾತು. ಅದು ಕಣ್ಣಿನಲ್ಲಿ ಹರಿದಾಡುವ ಹುಳು. ಈ ಹುಳು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು.

ಮೊದಲು ಒಂದು ಕುದುರೆಯ ಕಥೆ ಕೇಳಿ. 1780ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾ ಪಟ್ಟಣದಲ್ಲಿ ಒಂದು ಸುದ್ದಿ ಹಬ್ಬಿತು. ಒಂದು ಕುದುರೆಯ ಕಣ್ಣೊಳಗೆ ಜೀವಂತ ಹಾವು ಇದೆಯಂತೆ! ನಮ್ಮ ಜಾತ್ರೆಗಳಲ್ಲಿ ಆರು ಕಾಲಿನ ಬಸವನನ್ನು ನೋಡಲು ಜನ ಮುಗಿಬೀಳುವ ಹಾಗೆ ಅಲ್ಲಿಯೂ ಜನ ಮುಗಿಬಿದ್ದರು. ಫ್ರಾನ್ಸಿಸ್ ಹಾಪ್ಕಿನ್ಸನ್ ಎಂಬ ಗೃಹಸ್ಥನೂ ಹೋಗಿ ನೋಡಿದ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದವರಲ್ಲಿ ಈತನೂ ಒಬ್ಬ. ಹಾವು ಗೀವು ಏನೂ ಇರಲಿಲ್ಲ. ಕಣ್ಣುಗುಡ್ಡೆಯ ಒಳಗಿನ ನೀರಿನಲ್ಲಿ ಬಿಳಿಯ ನೂಲಿನಂಥ ಹುಳುವೊಂದು ಸುಳಿದಾಡುತ್ತಿತ್ತು. ತಾನು ಕಂಡದ್ದನ್ನು ಆತ ಬರೆದಿಟ್ಟ. ಅದು 1786ರಲ್ಲಿ ಅಚ್ಚಾಯಿತು.

ನಮ್ಮ ದೇಶದ ಕುದುರೆಗಳಲ್ಲಿ ಇದು ಹೊಸದೇನಲ್ಲ. ಕಣ್ಣುಗುಡ್ಡೆಯ ಅಂಚಿನಲ್ಲಿ ಸಣ್ಣ ರಂಧ್ರ ಮಾಡಿ, ಒಳಗಿನ ನೀರಿನ ಜೊತೆಯಲ್ಲೇ ಹುಳುವನ್ನು ಹೊರಕ್ಕೆ ಹಾಯಿಸುವ ಶಸ್ತ್ರಕ್ರಿಯೆ 19ನೇ ಶತಮಾನದಲ್ಲೇ ಇಲ್ಲಿ ನಡೆಯುತ್ತಿತ್ತು. ಆ ಹುಳು ಬರುವುದು ಎಲ್ಲಿಂದ ಗೊತ್ತೆ? ನಮ್ಮ ದನ ಎಮ್ಮೆಗಳ ಹೊಟ್ಟೆಯಿಂದ! ಅಲ್ಲಿ ಅದು ಕರುಳಿನ ಹೊರಗೆ ತಣ್ಣಗೆ ಬಿದ್ದಿರುತ್ತದೆ, ದನಕ್ಕೆ ಹೆಚ್ಚಿನ ತೊಂದರೆ ಕೊಡುವುದಿಲ್ಲ. ಸೊಳ್ಳೆ ಅದರ ಮರಿಗಳನ್ನು ರಕ್ತದ ಜೊತೆ ಹೀರಿ ಕುದುರೆಗೆ ತಂದು ಬಿಡುತ್ತದೆ. ಪಾಪ, ಆ ಮರಿಹುಳು ದಾರಿ ತಪ್ಪಿ ಕಣ್ಣಿಗೆ ಹೋಗಿ ಸೇರಿಕೊಳ್ಳುತ್ತದೆ.

ನಾಯಿಯ ಕಣ್ಣಿನ ಹುಳುವಿನ ಜಾತಿಯೇ ಬೇರೆ. ಅದು ಗುಡ್ಡೆಯ ಒಳಗೆ ಹೋಗುವುದಿಲ್ಲ. ಕಣ್ಣಿನ ಒಳಮೂಲೆಯಲ್ಲಿ ನಾಯಿಗೆ ಮೂರನೆಯದೊಂದು ರೆಪ್ಪೆ ಇದೆ. ಅದರ ಅಡಿಯಲ್ಲಿ, ಕಣ್ಣೀರಿನಲ್ಲಿ ಇದರ ಸಂಸಾರ. ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ಈ ಹುಳುಗಳ ಕುಲಕ್ಕೆ ಫ್ರಾನ್ಸಿನ ಬೋಸ್ಕ್ ಎಂಬಾತ 1819ರಲ್ಲೇ 'ಥೆಲೇಜಿಯ' ಎಂದು ಹೆಸರಿಟ್ಟಿದ್ದ. ದನಗಳ ಕಣ್ಣಿನಲ್ಲಿಯೂ ಇದೇ ಕುಲದ ಹುಳು ಇರುತ್ತದೆ. ಆದರೆ ನಾಯಿಯ ಹುಳುವನ್ನು ಬೇರೆ ಜಾತಿಯೆಂದು ಗುರುತಿಸಿದ್ದು 1910ರಲ್ಲಿ. ಗುರುತಿಸಿದವರು ಫ್ರಾನ್ಸಿನ ರಾಯೆ ಮತ್ತು ಹೆನ್ರಿ ಎಂಬ ಪಂಡಿತರು. ಹುಳು ಸಿಕ್ಕಿದ್ದು ಮಾತ್ರ ಅಂದಿನ ಅಖಂಡ ಪಂಜಾಬಿನ ರಾವಲ್ಪಿಂಡಿಯ ಒಂದು ನಾಯಿಯ ಕಣ್ಣಿನಲ್ಲಿ. ಆ ಊರು ಈಗ ಪಾಕಿಸ್ತಾನದಲ್ಲಿದೆ. ಪಂಡಿತರ ಹೆಸರು ಉಳಿಯಿತು. ಆ ನಾಯಿಯ ಹೆಸರು ಯಾರೂ ಬರೆದಿಡಲಿಲ್ಲ! ಏಳು ವರ್ಷ ಕಳೆದು, 1917ರಲ್ಲಿ, ಚೀನದ ಪೀಕಿಂಗಿನಿಂದ ಮನುಷ್ಯನ ಕಣ್ಣಿನಲ್ಲೂ ಅದೇ ಹುಳು ಸಿಕ್ಕ ವರದಿ ಬಂತು.

ಹೆಸರೇನೋ ಇಟ್ಟಾಯಿತು. ಹುಳು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಹಾರುವುದು ಹೇಗೆ? ಅದಕ್ಕೇನು ರೆಕ್ಕೆ ಇದೆಯೆ? ರೆಕ್ಕೆ ಇದ್ದದ್ದು ನೊಣಕ್ಕೆ. 1940ರ ದಶಕದ ಕೊನೆಗೆ ಸೋವಿಯತ್ ದೇಶದ ಸಂಶೋಧಕರು ದನದ ಹುಳುವಿನ ಮಟ್ಟಿಗೆ ಇದನ್ನು ತೋರಿಸಿಕೊಟ್ಟರು. ದನದ ಮುಖಕ್ಕೆ ಮುತ್ತುವ ನೊಣ ಕಣ್ಣೀರು ಕುಡಿಯುವಾಗ ಹುಳುವಿನ ಮರಿಗಳನ್ನೂ ಕುಡಿಯುತ್ತದೆ. ಅವು ನೊಣದ ಮೈಯೊಳಗೆ ಕೆಲವು ವಾರ ಬೆಳೆದು, ಅದರ ಬಾಯಿಯ ಕೊಳವೆಗೆ ಬಂದು ಕಾದಿರುತ್ತವೆ. ಆ ನೊಣ ಇನ್ನೊಂದು ದನದ ಕಣ್ಣಿನ ಮೇಲೆ ಕೂತಿತೋ, ಇವು ಅಲ್ಲಿ ಇಳಿದುಬಿಡುತ್ತವೆ.

ನಾಯಿಯ ಹುಳುವನ್ನು ಹೊತ್ತು ತಿರುಗುವ ನೊಣವನ್ನು ಹಿಡಿಯುವುದು ಇನ್ನೂ ಕಷ್ಟವಾಯಿತು. ಅದು ಮನೆಯ ನೊಣವಲ್ಲ. ಕೊಳೆತ ಹಣ್ಣಿಗೆ ಮುತ್ತುವ ಸಣ್ಣ ನೊಣಗಳ ಬಳಗದ್ದು. 1960ರ ದಶಕದಲ್ಲಿ ರಷ್ಯದಲ್ಲಿ ಅದರ ಸುಳಿವು ಸಿಕ್ಕಿತು. ಇಟಲಿಯಲ್ಲಿ 1989ರಿಂದ ನಾಯಿಗಳಿಗೆ ಈ ಪೀಡೆ ಕಾಣಿಸಿಕೊಂಡ ಮೇಲೆ ಅಲ್ಲಿನ ಪಶುವೈದ್ಯರು ಹಟ ಹಿಡಿದು ಹುಡುಕಿ, 2006ರ ಹೊತ್ತಿಗೆ ಸಂಗತಿಯನ್ನು ಖಚಿತಪಡಿಸಿದರು. ಅವರು ಕಂಡ ಒಂದು ವಿಚಿತ್ರ ಕೇಳಿ: ಬಯಲಿನಲ್ಲಿ ಕಣ್ಣೀರು ಕುಡಿಯಲು ಬರುವುದು ಗಂಡು ನೊಣ ಮಾತ್ರ! ರಕ್ತ ಹೀರುವ ಸೊಳ್ಳೆಯಲ್ಲಿ ಹೆಣ್ಣಿನದು ಉಪದ್ರವ, ಇಲ್ಲಿ ಗಂಡಿನದು.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ನಮ್ಮ ಹಳ್ಳಿಗಳಲ್ಲಿ ಕಣ್ಣಿನಲ್ಲಿ ಹುಳು ಕಂಡರೆ ಹೊಗೆಸೊಪ್ಪು ಅಗಿದು ರಸ ಉಗಿಯುವವರು, ಉಪ್ಪು ಅರೆದು ಹಾಕುವವರು ಈಗಲೂ ಇದ್ದಾರೆ. ಹುಳು ಸಾಯುವುದೋ ಬಿಡುವುದೋ, ಕಣ್ಣಂತೂ ಸುಟ್ಟು ಹೂ ಬೀಳುತ್ತದೆ. ಹುಳು ಗುಡ್ಡೆಯ ಒಳಗಿದ್ದರೆ ಹೊರಗೆ ಹಾಕಿದ ರಸ ಅದನ್ನು ಮುಟ್ಟುವುದೂ ಇಲ್ಲ. ಪಶುವೈದ್ಯರು ಮಾಡುವ ಕೆಲಸ ಸರಳವಾದುದು. ಕಣ್ಣು ಮರಗಟ್ಟುವ ಹನಿ ಹಾಕಿ, ಮೂರನೇ ರೆಪ್ಪೆಯನ್ನು ಎತ್ತಿ, ಇಕ್ಕಳದಿಂದ ಹುಳುಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಮೇಲೆ ಔಷಧ ಕೊಡುತ್ತಾರೆ. ನಾಯಿ ಕಣ್ಣನ್ನು ಪದೇ ಪದೇ ಕಾಲಿನಿಂದ ಉಜ್ಜುತ್ತಿದ್ದರೆ, ಒಂದು ಕಣ್ಣು ಅರೆಮುಚ್ಚಿದ್ದರೆ, ಗೀಜು ಕಟ್ಟುತ್ತಿದ್ದರೆ ಎರಡು ದಿನಕ್ಕಿಂತ ಹೆಚ್ಚು ಕಾಯಬೇಡಿ. ಅಲ್ಲಿಯವರೆಗೆ ಕಾಯಿಸಿ ಆರಿಸಿದ ನೀರಿನಲ್ಲಿ ಶುಭ್ರವಾದ ಅರಿವೆ ಅದ್ದಿ ಒರೆಸಿರಿ, ಸಾಕು. ನೊಣ ಕೂತರೆ ಓಡಿಸಿರಿ. ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರ ಇಟ್ಟರೆ ದನದ ಕಣ್ಣಿಗೆ ಮುತ್ತುವ ನೊಣವೂ ಕಡಿಮೆಯಾಗುತ್ತದೆ.

ಇದು ನಾಯಿಯ ಪಾಡು, ನಮಗೇನು ಅನ್ನಬೇಡಿ. ನಮ್ಮ ಕರ್ನಾಟಕದಲ್ಲೇ ಮನುಷ್ಯರ ಕಣ್ಣಿನಿಂದ ಈ ಕುಲದ ಹುಳು ತೆಗೆದ ಸಂಗತಿ 2014ರಲ್ಲಿ ನೇತ್ರವೈದ್ಯರ ಪತ್ರಿಕೆಯೊಂದರಲ್ಲಿ ಅಚ್ಚಾಗಿದೆ. ಅಂಗಳದಲ್ಲಿ ನಿದ್ದೆ ಹೋದ ಕೂಸಿನ ಮುಖದ ಮೇಲೆ ನೊಣ ಮುತ್ತುತ್ತಿದ್ದರೆ ತೆಳುವಾದ ಬಟ್ಟೆಯೊಂದನ್ನು ಹೊದಿಸಿರಿ, ತಾಯಂದಿರೆ.