ಗೇಮಿಂಗ್ ಗಣಕಯಂತ್ರದ ಹಠಾತ್ ಸ್ಥಗಿತ

ಗೇಮಿಂಗ್ ಗಣಕಯಂತ್ರದ ಹಠಾತ್ ಸ್ಥಗಿತ ಎಂದರೆ ಆಟ ನಡೆಯುತ್ತಿರುವಾಗ ಯಂತ್ರವು ಮುನ್ಸೂಚನೆಯಿಲ್ಲದೆ ಆರುವುದು, ಮರುಚಾಲನೆಗೊಳ್ಳುವುದು ಅಥವಾ ಪರದೆ ಕಪ್ಪಾಗುವುದು. ವಿದ್ಯುತ್ ಪೂರೈಕೆ ಘಟಕ (ಪಿಎಸ್‌ಯು) ಮತ್ತು ಗ್ರಾಫಿಕ್ಸ್ ಕಾರ್ಡ್ ಇದರ ಪ್ರಮುಖ ಯಂತ್ರಾಂಶ ಕಾರಣಗಳು. ಲಕ್ಷಣಗಳು ಒಂದನ್ನೊಂದು ಹೋಲುವುದರಿಂದ, ಸುಸ್ಥಿತಿಯಲ್ಲಿರುವ ದುಬಾರಿ ಕಾರ್ಡನ್ನು ವ್ಯರ್ಥವಾಗಿ ಬದಲಾಯಿಸುವ ಸಾಧ್ಯತೆಯಿದೆ.

ಕಾರಣಗಳು

ಕಾರ್ಡಿಗೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನಿಂದ ಗರಿಷ್ಠ 75 ವ್ಯಾಟ್, 6 ಪಿನ್ ಕನೆಕ್ಟರ್‌ನಿಂದ 75 ವ್ಯಾಟ್, 8 ಪಿನ್ ಕನೆಕ್ಟರ್‌ನಿಂದ 150 ವ್ಯಾಟ್ ದೊರೆಯುತ್ತದೆ. ಕಾರ್ಡು ಕ್ಷಣಮಾತ್ರ ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ ಸೆಳೆದರೆ ಪಿಎಸ್‌ಯು ರಕ್ಷಣಾರ್ಥವಾಗಿ ಸ್ಥಗಿತಗೊಳ್ಳಬಹುದು. ಇಂತಹ ಏರಿಕೆಗಳನ್ನು ತಾಳಬಲ್ಲ ಘಟಕಗಳಿಗಾಗಿ ಇಂಟೆಲ್ 2022ರಲ್ಲಿ ಎಟಿಎಕ್ಸ್ 3.0 ಮಾನದಂಡವನ್ನು ಪ್ರಕಟಿಸಿತು.

ಭಾರತದಲ್ಲಿ ಗೃಹಬಳಕೆಯ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯಂತಹ ಗ್ರಾಮೀಣ ಹೋಬಳಿಗಳಲ್ಲಿ ಪಂಪ್‌ಸೆಟ್ ಮೋಟಾರುಗಳು ಚಾಲನೆಗೊಳ್ಳುವಾಗ ವೋಲ್ಟೇಜ್ ಕುಸಿಯಬಹುದು. ಸರಬರಾಜು ಕಡಿದಾಗ ಪೂರ್ಣ ಹೊರೆಯಲ್ಲಿ ಪಿಎಸ್‌ಯು ಸಾಮಾನ್ಯವಾಗಿ ಒಂದು ವಿದ್ಯುತ್ ಆವರ್ತದಷ್ಟು (20 ಮಿಲಿಸೆಕೆಂಡ್) ಕಾಲವನ್ನೂ ತಾಳಲಾರದು.

ಪತ್ತೆಹಚ್ಚುವಿಕೆ

* ಯಂತ್ರ ಸಂಪೂರ್ಣವಾಗಿ ಆರಿದರೆ ಪಿಎಸ್‌ಯು ಅಥವಾ ಮನೆಯ ಸರಬರಾಜನ್ನು ಮೊದಲು ಶಂಕಿಸಬೇಕು.
* ಪರದೆಯಲ್ಲಿ ಚುಕ್ಕೆ, ಗೆರೆಗಳು ಮೂಡಿದರೆ ಅಥವಾ ವಿಂಡೋಸ್‌ನಲ್ಲಿ 4101 ಸಂಖ್ಯೆಯ ದಾಖಲೆ ಕಂಡರೆ ಕಾರ್ಡು ಅಥವಾ ಅದರ ಚಾಲಕ ತಂತ್ರಾಂಶದ ದೋಷ ಸಂಭವನೀಯ.
* 41 ಸಂಖ್ಯೆಯ ದಾಖಲೆಯು ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲವೆಂದಷ್ಟೇ ತಿಳಿಸುತ್ತದೆ, ಕಾರಣವನ್ನು ಸೂಚಿಸುವುದಿಲ್ಲ.
* 12 ವೋಲ್ಟ್ ಮಾರ್ಗವು ಹೊರೆಯಲ್ಲಿ 11.4ರಿಂದ 12.6 ವೋಲ್ಟ್‌ಗಳ ನಡುವೆ ಇರಬೇಕು.
* ಸುಸ್ಥಿತಿಯ ಬೇರೊಂದು ಪಿಎಸ್‌ಯು ಜೋಡಿಸಿ ಪರೀಕ್ಷಿಸುವುದು ಹೆಚ್ಚು ನಂಬಲರ್ಹ ವಿಧಾನ.

ಸುರಕ್ಷತೆ

ಪ್ಲಗ್ ತೆಗೆದ ನಂತರವೂ ಪಿಎಸ್‌ಯುವಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುದಾವೇಶ ಉಳಿದಿರಬಹುದು. ಆದುದರಿಂದ ಅದನ್ನು ಬಿಚ್ಚಬಾರದು. ಪಿನ್‌ಗಳ ಜೋಡಣೆ ಭಿನ್ನವಾಗಿರುವುದರಿಂದ ಬೇರೆ ಮಾದರಿಯ ಪಿಎಸ್‌ಯುವಿನ ಕೇಬಲ್‌ಗಳ ಬಳಕೆಯು ಬಿಡಿಭಾಗಗಳನ್ನು ಸುಡಬಹುದು.